ನನ್ನ ಬದಲು ಪಂಪು ಒತ್ತಿದವರು

ನನಗೀಗ ಎಪ್ಪತ್ತೆಂಟು. ಸುಳ್ಳು ಹೇಳಿ ಗಳಿಸಬೇಕಾದದ್ದು ಏನೂ ಉಳಿದಿಲ್ಲ. ಒಂದು ಸುಳ್ಳನ್ನು ಇಷ್ಟು ವರ್ಷ ಹೊತ್ತು ಸಾಕಾಗಿದೆ. ಅದಕ್ಕೇ ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ... ನಂಬುವುದು ಬಿಡುವುದು ನಿಮಗೆ ಸೇರಿದ್ದು.

ತೊಂಬತ್ತರ ದಶಕದ ಮಾತು. ಚಾಮರಾಜಪೇಟೆಯಲ್ಲಿ ಒಂದು ಹಳೆಯ ಛತ್ರ, ಅದರ ಹಿಂದೆ ಆಳವಾದ ಕಲ್ಯಾಣಿ. ನನ್ನ ಗೆಳೆಯ ಶಿವು ಅಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದ. ಮೂರು ದಿನ ನೀರಿನ ತಳದಲ್ಲೇ ವಾಸ ಮಾಡಿ ತೋರಿಸಬೇಕೆಂಬ ಹುಚ್ಚು ಅವನಿಗೆ ಹಿಡಿಯಿತು. ಲೇತ್ ಅಂಗಡಿಯ ಕೃಷ್ಣಪ್ಪ ಕಬ್ಬಿಣದ ದೊಡ್ಡ ತೊಟ್ಟಿ ಮಾಡಿಕೊಟ್ಟ. ಲೋಟವನ್ನು ಬೋರಲು ಹಾಕಿ ಬಕೆಟ್ಟಿನ ನೀರಿಗೆ ಒತ್ತಿದರೆ ಒಳಗೆ ಗಾಳಿ ಉಳಿಯುತ್ತದಲ್ಲ, ಹಾಗೆ ಅದನ್ನು ಬೋರಲಾಗಿ ತಳಕ್ಕೆ ಇಳಿಸುವುದು. ಒಳಗೊಂದು ಹಲಗೆ, ಅದರ ಮೇಲೆ ಶಿವು. ಉಸಿರಿಗೆ ಮೇಲಿನಿಂದ ಪಂಪು, ಕೊಳವೆ. ಸನ್ನೆಗೆ ಒಂದು ಹಗ್ಗ.

ರಾತ್ರಿ ಕದ್ದು ಮೇಲೆ ಬಂದ ಎಂದು ಜನ ಆಡಿಕೊಳ್ಳಬಾರದು, ತೊಟ್ಟಿಯ ಬಾಯಿಗೆ ಸರಳು ಹಾಕಿ ಬೀಗ ಜಡಿಯೋಣ ಎಂದವನು ನಾನೇ.

"ಬೀಗ ಯಾಕೆ ಗುರು? ಅವನೇನು ಜೈಲಿಗೆ ಹೋಗ್ತಿದಾನಾ?" ಎಂದ ಕೃಷ್ಣಪ್ಪ.

"ಹಾಕ್ರೋ. ಮೂರು ದಿನ ನೆಂಟರ ಕಾಟ ಇರಲ್ಲ" ಎಂದು ಶಿವು ನಕ್ಕ. ಕೀಲಿ ಕೃಷ್ಣಪ್ಪನ ಜೇಬಿಗೆ ಹೋಯಿತು.

ಎರಡನೆಯ ದಿನ ಮದರಾಸಿನ ಕಡೆ ಚಂಡಮಾರುತ ಬರುತ್ತಿದೆ ಎಂದು ರೇಡಿಯೋದಲ್ಲಿ ಹೇಳಿದರು. ಸಂಜೆಗೆ ನಮ್ಮಲ್ಲೂ ಗಾಳಿ ಎದ್ದಿತು.

"ತಡ ಮಾಡೋದು ಬೇಡ, ಎತ್ತಿಬಿಡೋಣ" ಎಂದ ಕೃಷ್ಣಪ್ಪ. "ರಾಟೆ ಎಳೆಯೋಕೆ ಚಿಕ್ಕಪೇಟೆಯಿಂದ ನಾಲ್ಕು ಜನ ಹಮಾಲರನ್ನ ಕರ್ಕೊಂಡ್ ಬರ್ತೀನಿ. ನೀನು ಪಂಪು ಬಿಟ್ಟು ಏಳ್ಬೇಡ ಕಣೋ."

ಊಟ ತಂದಿದ್ದ ಶಿವುವಿನ ಹೆಂಡತಿ ಸರೋಜ ಹೊರಡುವಾಗ, "ಅಣ್ಣಾ, ಅವರನ್ನ ನಿಮ್ಮ ಕೈಲಿ ಬಿಟ್ಟು ಹೋಗ್ತಿದೀನಿ" ಎಂದಳು.

ಹತ್ತು ಗಂಟೆಗೆ ಕರೆಂಟು ಹೋಯಿತು. ಮೋಟಾರು ನಿಂತಿತು. ಕೈಪಂಪು ಹಿಡಿದೆ. ಘುಸ್... ಘುಸ್... ಅರ್ಧ ಗಂಟೆಗೊಮ್ಮೆ ಹಗ್ಗವನ್ನು ಒಂದು ಸಲ ಜಗ್ಗುವುದು. ಕೆಳಗಿನಿಂದ ಶಿವು ಎರಡು ಸಲ ಜಗ್ಗುತ್ತಿದ್ದ. ಪುಸ್ತಕದಲ್ಲಿ ಹೊತ್ತು ಹಾಕಿ 'ಸರಿ' ಎಂದು ಬರೆಯುವುದು.

ಮಳೆ ಸುರಿಯಿತು. ಕೃಷ್ಣಪ್ಪನ ಸುಳಿವಿಲ್ಲ. ಒಂದು ಗಂಟೆಯ ಹೊತ್ತಿಗೆ ತೋಳುಗಳು ಮರಗಟ್ಟಿದವು.

ಮುಂದಿನದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಮಿಲ್ಲಿನಲ್ಲಿ ಟೈಂ ಕೀಪರ್. ಹಾಜರಿಯನ್ನು ಮುಂಚೆಯೇ ತುಂಬಿಟ್ಟು ಹರಟೆಗೆ ಹೋಗುವ ಚಾಳಿ ಇತ್ತು. ಆ ರಾತ್ರಿಯೂ ಬೆಳಗಿನ ಆರರವರೆಗೆ 'ಸರಿ' 'ಸರಿ' ಎಂದು ಬರೆದಿಟ್ಟು, ಹಗ್ಗವನ್ನು ಕಂಬಕ್ಕೆ ಕಟ್ಟಿ ಛತ್ರದ ಹಿಂದಿನ ಜಗಲಿಗೆ ಹೋದೆ. ಪಂಪು ನಿಂತರೂ ಅರ್ಧ ಗಂಟೆಗೆ ತೊಂದರೆಯಿಲ್ಲ ಎಂದಿದ್ದ ಕೃಷ್ಣಪ್ಪ. ಐದೇ ನಿಮಿಷ ಎಂದುಕೊಂಡು ಗೋಡೆಗೆ ಒರಗಿದೆ...

ಎಚ್ಚರವಾದಾಗ ಕಗ್ಗತ್ತಲು. ಎಷ್ಟು ಹೊತ್ತಾಗಿತ್ತೋ. ದಡಬಡಿಸಿ ಎದ್ದು ಕೂತೆ. ಆದರೆ ಕಲ್ಯಾಣಿಯ ಕಡೆಯಿಂದ ಸದ್ದು ಬರುತ್ತಿತ್ತು. ಘುಸ್... ಘುಸ್... ಜಗಲಿಯವರೆಗೂ ಪಾಚಿಯ ವಾಸನೆ.

"ಕೃಷ್ಣಪ್ಪಾ?"

ಸದ್ದು ಕ್ಷಣ ನಿಂತಿತು.

"ಹ್ಞೂಂ..."

"ಸ್ವಲ್ಪ ಹೊತ್ತು ನೀನೇ ಒತ್ತು ಮಾರಾಯ. ತೋಳು ಬಿದ್ದುಹೋಗಿದೆ."

ಘುಸ್... ಘುಸ್... ಎದ್ದು ಹೋಗಿ ನೋಡಲಿಲ್ಲ. ಮತ್ತೆ ಮಲಗಿದೆ.

ನಸುಕಿನಲ್ಲಿ ಯಾರೋ ಮುಂದಿನ ಬಾಗಿಲು ಬಡಿದರು. ಹೋಗಿ, ರಾತ್ರಿ ನಾನೇ ಒಳಗಿನಿಂದ ಹಾಕಿದ್ದ ಅಗುಳಿ ತೆಗೆದೆ. ಹಮಾಲರ ಜೊತೆ ತೊಯ್ದು ತೊಪ್ಪೆಯಾಗಿ ಕೃಷ್ಣಪ್ಪ ನಿಂತಿದ್ದ.

"ಮರ ಬಿದ್ದು, ಎದೆಮಟ್ಟ ನೀರು ನಿಂತು ದಾರೀಲೇ ಸಿಕ್ಕಾಕ್ಕೊಂಡ್ವಿ ಕಣೋ. ಶಿವು ಹೇಗಿದಾನೆ?"

ನನ್ನ ಬೆನ್ನ ಹಿಂದೆ ಪಂಪು ಇನ್ನೂ ನಡೆಯುತ್ತಿತ್ತು.

ಓಡಿದೆ. ಅಲ್ಲಿ ಯಾರೂ ಇರಲಿಲ್ಲ. ಮೇಲೆದ್ದಿದ್ದ ಹಿಡಿ ಮೆಲ್ಲಗೆ ಕೆಳಗಿಳಿದು ನಿಂತಿತು. ಮುಟ್ಟಿದೆ. ಅಷ್ಟು ಮಳೆಯಲ್ಲೂ ಬೆಚ್ಚಗಿತ್ತು.

ಶಿವುವನ್ನು ಎತ್ತಿದರು. ಬದುಕಿದ್ದ. ಸುದ್ದಿ ತಿಳಿದು ಓಡಿಬಂದ ಸರೋಜ ನನ್ನ ಕಾಲಿಗೆ ಬಿದ್ದಳು. ನಾನು ಕಾಲು ಹಿಂದಕ್ಕೆಳೆದುಕೊಳ್ಳಲಿಲ್ಲ.

ಸಂಜೆ ಶಿವು ನನ್ನನ್ನು ಪಕ್ಕಕ್ಕೆ ಕರೆದ. "ರಂಗಣ್ಣ, ಒಂದು ಕೇಳ್ಲಾ? ರಾತ್ರಿ ನೀನು ಕೆಳಗೆ ಬಂದು, ಸರಳಿನ ಸಂದೀಲಿ ಕೈ ತೂರಿಸಿ ನನ್ನ ಪಾದ ಹಿಡ್ಕೊಂಡ್ಯಲ್ಲ... ಬೆಳಗಿನವರೆಗೂ ಬಿಡ್ಲೇ ಇಲ್ಲ. ಆವಾಗ ಮೇಲೆ ಪಂಪು ಒತ್ತುತ್ತಿದ್ದವರು ಯಾರು?"

ನನಗೆ ಈಜು ಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಆದರೂ, "ಕೃಷ್ಣಪ್ಪ" ಎಂದೆ. ಅವನು ನನ್ನ ಮುಖವನ್ನೇ ನೋಡಿದ. ಮತ್ತೆ ಕೇಳಲಿಲ್ಲ.

ಶಿವು ಈಗಿಲ್ಲ. ಕಾಯಿಲೆಯಿಂದ ಹೋದ. ಸರೋಜ ಇಂದಿಗೂ ಯಾರು ಬಂದರೂ ನನ್ನನ್ನು ತೋರಿಸಿ, "ನಮ್ಮೆಜಮಾನರ ಜೀವ ಉಳಿಸಿದ ಅಣ್ಣ" ಎನ್ನುತ್ತಾಳೆ. ತಲೆ ತಗ್ಗಿಸಿ ಕೂರುತ್ತೇನೆ.

ಮಿಲ್ಲಿನಲ್ಲಿ ಒಂದು ಪದ್ಧತಿಯಿತ್ತು. ನಮ್ಮ ಪಾಳಿಯನ್ನು ಬೇರೆ ಯಾರಾದರೂ ಮಾಡಿಕೊಟ್ಟರೆ, ಅವರು ಕರೆದ ದಿನ ಹೋಗಿ ಅವರ ಪಾಳಿಯನ್ನು ನಾವು ಮಾಡಲೇಬೇಕು. ಆ ರಾತ್ರಿ ನನ್ನ ಪಾಳಿ ಮಾಡಿದವರು ಇನ್ನೂ ಕರೆದಿಲ್ಲ. ಅವರ ಪಾಳಿ ಎಲ್ಲಿಯದೋ, ಎಷ್ಟು ಆಳದ್ದೋ... ಮಳೆಗೆ ಕರೆಂಟು ಹೋದರೆ ನಾನು ಮಲಗುವುದಿಲ್ಲ.