ಶೇಂಗಾ ಬುಡದ ಬಿಳಿ ಎಳೆ

ಗುಳೇದಗುಡ್ಡದ ನೇಕಾರರ ಮನೆಯಿಂದ ಗುಡೂರಿನ ಒಕ್ಕಲುತನದ ಮನೆಗೆ ನಾನು ಸೊಸೆಯಾಗಿ ಬಂದದ್ದು ಎರಡು ಸಾವಿರದ ಇಸವಿಯ ಆಚೀಚೆ. ಮಗ್ಗದ ಸದ್ದಿನಲ್ಲಿ ಬೆಳೆದವಳಿಗೆ ಹೊಲದ ಮೌನವೇ ದಿಗಿಲು. ಕಸ ತೆಗೆಯಲು ಕೂತರೆ ಹಿಂದೆ ಯಾರೋ ನಿಂತಿದ್ದಾರೆ ಅನ್ನಿಸಿ ಗಳಿಗೆಗೊಮ್ಮೆ ತಿರುಗಿ ನೋಡುತ್ತಿದ್ದೆ. ನಮ್ಮ ಸೊಸೆಗೆ ಕುತ್ತಿಗೆ ಸಡಿಲ ಎಂದು ಅತ್ತೆ ಓಣಿಗೆಲ್ಲ ಹೇಳಿ ನಗಿಸಿದ್ದರು. ನನಗೆ ಒಳಗೊಳಗೇ ಸಿಟ್ಟು ಬರುತ್ತಿತ್ತು.

ಆ ವರ್ಷ ಕೆಂಪು ಮಣ್ಣಿನ ಮಸಾರಿ ಹೊಲದಲ್ಲಿ ಶೇಂಗಾ ಕಣ್ಣು ತುಂಬುವಂತೆ ಬಂದಿತ್ತು. ಮಳೆ ನಿಂತರೂ ಮೋಡ ಸರಿದಿರಲಿಲ್ಲ. ಒಂದು ಬೆಳಿಗ್ಗೆ ಸಾಲಿನ ನಡುವೆ ಒಂದು ಗಿಡ ಸೊರಗಿ ನಿಂತಿತ್ತು. ಮರುದಿನ ಅದರ ಪಕ್ಕದ್ದು. ಅದರ ಮರುದಿನ ಅದರಾಚೆಯದು. ಬೇರೆ ಸಾಲನ್ನು ಮುಟ್ಟದೆ, ಯಾರೋ ದಿನಕ್ಕೊಂದು ಹೆಜ್ಜೆ ಇಡುತ್ತ ನಮ್ಮ ಕಡೆಗೇ ಬರುತ್ತಿರುವಂತಿತ್ತು. ಅತ್ತೆ ಒಂದು ಗಿಡ ಹಿಡಿದು ಎಳೆದರು. ಮೇಲಿನ ಸೊಪ್ಪಷ್ಟೇ ಕೈಗೆ ಬಂತು. ಬೇರು, ಕಾಯಿ ಎಲ್ಲ ನೆಲದಲ್ಲೇ ಉಳಿದವು. ಬುಡ ಮಣ್ಣಿಗೆ ಸೋಕುವಲ್ಲಿ ಬಿಳಿ ಎಳೆಗಳು ಸುತ್ತಿಕೊಂಡಿದ್ದವು. ಎಳೆಗಳ ನಡುವೆ ಸಾಸಿವೆಯಂಥ ಕಾಳುಗಳಿದ್ದವು.

ದಾರ ಮತ್ತು ಸಾಸಿವೆ ಒಂದೆಡೆ ಕಂಡರೆ ನಮ್ಮ ಕಡೆ ಬೇರೆ ಕಾರಣ ಹುಡುಕುವುದಿಲ್ಲ, ಮಾಟ ಎಂದೇ ತಿಳಿಯುತ್ತಾರೆ. ಕೆಲವು ಗಿಡಗಳಲ್ಲಿ ಆ ಕಾಳುಗಳು ಇನ್ನೂ ಬಿಳಿಯಾಗಿದ್ದವು. ಎರಡು ದಿನ ಬಿಟ್ಟು ನೋಡಿದರೆ ಅವೂ ಕಂದು ಬಣ್ಣಕ್ಕೆ ತಿರುಗಿದ್ದವು. ಯಾರೂ ಮುಟ್ಟದ ಕಾಳು ಬಣ್ಣ ಬದಲಿಸುವುದನ್ನು ನಾನು ಎಲ್ಲೂ ಕಂಡಿರಲಿಲ್ಲ.

ಒಡ್ಡಿನಾಚೆಯ ತುಂಡು ಹೊಲ ಸಣ್ಣತ್ತೆಯದು. ಸಣ್ಣತ್ತೆ ಎಂದರೆ ನನ್ನ ಮಾವನ ತಮ್ಮನ ಹೆಂಡತಿ. ಗಂಡ ತೀರಿಕೊಂಡ ಮೇಲೆ ಹೊಲವನ್ನು ತಾವೇ ನೋಡಿಕೊಳ್ಳುತ್ತ, ಬಿಡುವಿನಲ್ಲಿ ಇಳಕಲ್ಲಿನ ಸೀರೆ ನೇಯುವವರಿಗೆ ಲಾಳಿಯ ಕಂಡಿಕೆಗೆ ನೂಲು ಸುತ್ತಿಕೊಡುತ್ತಿದ್ದರು. ಅವರ ಸೆರಗಿಗೆ ಯಾವಾಗಲೂ ನೂಲಿನ ತುಣುಕು ಅಂಟಿರುತ್ತಿತ್ತು. ಹೊಸ ಊರಿನಲ್ಲಿ ನನ್ನನ್ನು ಕೂರಿಸಿಕೊಂಡು ಉಂಡೆಯಾ ಎಂದು ಕೇಳಿದವರು ಅವರೊಬ್ಬರೇ. ಆ ವರ್ಷ ಅವರು ಸಜ್ಜೆ ಬಿತ್ತಿದ್ದರು. ಅದಕ್ಕೆ ಏನೂ ಆಗಿರಲಿಲ್ಲ. ಅತ್ತೆಯ ಸಂಶಯಕ್ಕೆ ಅಷ್ಟು ಸಾಕಾಯಿತು.

ಅತ್ತೆ ಒಂದು ಬುಡವನ್ನು ನನ್ನ ಮುಂದೆ ಹಿಡಿದರು. "ನೀ ನೂಲಿನ ಮನಿಯಾಕಿ. ಇದು ನೂಲು ಹೌದೋ ಅಲ್ಲೋ, ನೀನ ನೋಡಿ ಹೇಳು."

ಬೆರಳಲ್ಲಿ ಹೊಸೆದೆ. ಎಳೆ ಕರಗಿ ಬರೀ ತೇವ ಉಳಿಯಿತು. ಹತ್ತಿಯೂ ಅಲ್ಲ, ರೇಷ್ಮೆಯೂ ಅಲ್ಲ. ಅದು ನೂಲಲ್ಲವೆಂದು ನನ್ನ ಬೆರಳಿಗೆ ಆ ಕ್ಷಣವೇ ಗೊತ್ತಾಗಿತ್ತು. ಆದರೆ ಅಲ್ಲ ಅಂದರೆ ಸಣ್ಣತ್ತೆಯ ಪರ ವಹಿಸಿದೆ, ಇಬ್ಬರೂ ಕೂಡಿಯೇ ಮಾಡಿದ್ದಾರೆ ಅಂದಾರೆಂದು ಅಂಜಿದೆ.

"ನೂಲಿನಂಗ ಕಾಣ್ತೈತ್ರಿ," ಅಂದೆ.

ಅತ್ತೆ ಸತ್ತ ಗಿಡ, ಬುಡದ ಮಣ್ಣು, ಕಾಳು ಎಲ್ಲವನ್ನೂ ಹಳೆಯ ಅರಿವೆಯಲ್ಲಿ ಕಟ್ಟಿ ನನ್ನ ಕೈಗೆ ಕೊಟ್ಟರು. ಇದು ಕಳಿಸಿದವರಿಗೇ ಮುಟ್ಟಬೇಕು, ಒಡ್ಡಿನ ಮೇಲೆ ನಿಂತು ಆಚೆ ಚೆಲ್ಲಿ ತಿರುಗಿ ನೋಡದೆ ಬಾ ಎಂದರು. ನಡು ಮಧ್ಯಾಹ್ನ, ಹೊಲದಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಚೆಲ್ಲಿ ಬಂದೆ. ಗಾಳಿ ಬೀಸುತ್ತಿರಲಿಲ್ಲ. ಆದರೂ ನನ್ನ ಬೆನ್ನ ಹಿಂದೆ ಸಜ್ಜೆಯ ಗರಿಗಳು ತುಸು ಹೊತ್ತು ಸರಸರ ಅಂದವು.

ಗಿಡ ಸಾಯುವುದು ನಿಲ್ಲಲಿಲ್ಲ. ಕೊನೆಗೆ ನನ್ನ ಗಂಡ ಕೃಷಿ ಸಹಾಯಕರೊಬ್ಬರನ್ನು ಹೊಲಕ್ಕೆ ಕರೆತಂದರು. ಅವರು ಬುಡ ನೋಡಿ, ಇದು ಕಾಂಡ ಕೊಳೆ ರೋಗ ಎಂದರು. ಎಳೆ ಅಂದರೆ ಬೂಸ್ಟು, ಕಾಳು ಅಂದರೆ ಆ ಬೂಸ್ಟಿನ ಬೀಜ, ನೆಲದಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಕಸ ತೆಗೆಯಲು ಸಾಲಿನ ನಡುವೆ ಎಡೆ ಹೊಡೆಯುವಾಗ ಬುಡಕ್ಕೆ ಮಣ್ಣು ಏರಿಸಬಾರದು, ರೋಗದ ಗಿಡವನ್ನು ಬುಡದ ಮಣ್ಣಿನ ಸಮೇತ ಕಿತ್ತೊಯ್ದು ಸುಡಬೇಕು, ಬೇಸಿಗೆಯಲ್ಲಿ ಆಳವಾಗಿ ನೇಗಿಲು ಹೊಡೆಯಬೇಕು, ಎರಡು ವರ್ಷ ಶೇಂಗಾ ಬಿಟ್ಟು ಜೋಳ ಬಿತ್ತಬೇಕು. ಈ ಬೂಸ್ಟನ್ನು ತಿನ್ನುವ ಇನ್ನೊಂದು ಬೂಸ್ಟಿನ ಪುಡಿ ಸಿಗುತ್ತದೆ, ಅದನ್ನು ತಿಪ್ಪೆಗೊಬ್ಬರದಲ್ಲಿ ಕಲಸಿ ಹಾಕಿ ಎಂದೂ ಹೇಳಿದರು. ಹೊರಡುವಾಗ ಸುಮ್ಮನೆ ಒಂದು ಮಾತು ಸೇರಿಸಿದರು: "ಕಿತ್ತದ್ದನ್ನ ಮಂದಿ ಹೊಲದಾಗ ಮಾತ್ರ ಒಗೀಬ್ಯಾಡ್ರಿ. ಅಲ್ಲೂ ಹುಟ್ಟತೈತಿ."

ಅತ್ತೆ ನೆಲ ನೋಡಿದರು. ನಾನೂ ನೋಡಿದೆ. ಆ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಮುಂದಿನ ವರ್ಷ ನಾವು ಶೇಂಗಾ ಬಿತ್ತದೆ ಹೊಲವನ್ನು ಜೋಳಕ್ಕೆಂದು ಬಿಟ್ಟೆವು. ಸಣ್ಣತ್ತೆ ಶೇಂಗಾ ಬಿತ್ತಿದರು. ಕಾಯಿ ಕಟ್ಟುವ ಹೊತ್ತಿಗೆ ಒಂದು ದಿನ ನನ್ನನ್ನು ಕರೆದೊಯ್ದು, ಒಡ್ಡಿನ ಪಕ್ಕದಲ್ಲಿ ಸೊರಗಿದ ಗಿಡಗಳನ್ನು ತೋರಿಸಿದರು. "ಖರೆ ಹೇಳವ್ವ. ನಿಮ್ಮತ್ತಿ ನನಗೇನರ ಮಾಡಿಸ್ಯಾಳೇನು?"

ಇದು ನೂಲಲ್ಲ, ಬೂಸ್ಟು, ರೋಗ ಎಂದು ಈಗ ಹೇಳಿದೆ. ಸಹಾಯಕರು ಹೇಳಿದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ಸಣ್ಣತ್ತೆ ಅಲ್ಲೇ ಕೂತು ಅತ್ತರು. ಸುಮ್ಮಸುಮ್ಮನೆ ನಿಮ್ಮತ್ತೆಯ ಮೇಲೆ ಸಂಶಯಪಟ್ಟೆ, ಆಕೆಗೆ ಹೇಳಬೇಡ ಎಂದು ನನ್ನ ಕೈ ಹಿಡಿದುಕೊಂಡರು. ಆ ಕೈಯನ್ನು ಬಿಡಿಸಿಕೊಳ್ಳಲಾಗದೆ ನಾಚಿಕೆಯಿಂದ ಸತ್ತೆ.

ಇಬ್ಬರೂ ಕೂಡಿ ಗಿಡಗಳನ್ನು ಕೀಳತೊಡಗಿದೆವು. ಸ್ವಲ್ಪ ಹೊತ್ತಿನ ಮೇಲೆ ಅವರು ಕೈ ನಿಲ್ಲಿಸಿದರು. "ಉಳಿದದ್ದೆಲ್ಲ ಛಲೋ ಐತಿ. ಇಷ್ಟ ಜಾಗಾದಾಗ ಹೆಂಗ ಬಂತು?"

"ನಮ್ಮ ಹೊಲದ ನೀರು ಹರದು ಬಂದಿರಬೇಕ್ರಿ ಅತ್ತಿ."

ಅವರ ಹೊಲ ನಮ್ಮದಕ್ಕಿಂತ ಮೊಳಕಾಲಿನಷ್ಟು ಎತ್ತರದಲ್ಲಿದೆ. ಸಣ್ಣತ್ತೆ ಒಡ್ಡನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಬಗ್ಗಿ ಮುಂದಿನ ಗಿಡಕ್ಕೆ ಕೈ ಹಾಕಿದರು. ಆ ದಿನ ಅವರು ಮತ್ತೇನೂ ಕೇಳಲಿಲ್ಲ, ಇಂದಿನವರೆಗೂ ಕೇಳಿಲ್ಲ.