ರಣಹದ್ದಿನ ಮರಿ ಕೆಡವಿದಾಗ

ರಣಹದ್ದಿನ ಮರಿ ಕುತ್ತಿಗೆ ಚಾಚಿ, ಹಾವಿನಂತೆ ಬುಸುಗುಟ್ಟಿ, ಕೊಳೆತ ಮಾಂಸವನ್ನು ನನ್ನ ಮುಖದ ಮೇಲೆ ಕಾರಿಬಿಟ್ಟಿತು. ಕಣ್ಣು ಉರಿದು ಕೈ ಜಾರಿತು. ಮರದ ಮೇಲಿನಿಂದ ಜಾರಿ ಒಂದಾಳು ಕೆಳಗಿನ ಕವಲಿನಲ್ಲಿ ಸಿಕ್ಕಿಕೊಂಡೆ. ನೆಲ ಇನ್ನೂ ಮೂರಾಳು ಕೆಳಗಿತ್ತು.

ಗರಗದ ಹತ್ತಿರದ ಆ ಹುಣಸೆಮರದ ಕಾಯನ್ನು ಹೊಲದ ಒಡೆಯ ನಿಂಗಪ್ಪ ಕಾಕಾ ಇನ್ನೂ ಬಡಿದು ಉದುರಿಸಿರಲಿಲ್ಲ. ಗೂಡಿನ ಮರಿ ಹಾರುವವರೆಗೆ ಮರ ಮುಟ್ಟಬಾರದೆಂಬುದು ಅವರ ಮನೆಯ ರೂಢಿ. ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದ ನಾನು, ಮರಿಯನ್ನು ಹತ್ತಿರದಿಂದ ನೋಡುವ ಆಸೆಗೆ ಅವರನ್ನು ಕೇಳದೆಯೇ ಹತ್ತಿದ್ದೆ.

"ಟೊಂಗಿ ಅಪ್ಪಿಕೊಂಡ ಕುಂಡ್ರಿ, ಅಲುಗಾಡಬ್ಯಾಡ್ರಿ!" ಸದ್ದು ಕೇಳಿ ಓಡಿಬಂದ ಕಾಕಾ ಕೆಳಗಿನಿಂದ ಕೂಗಿದರು. "ನಿಮಗ ಹೆದರಿ ತಾಯಿ ಗೂಡ ಬಿಟ್ಟ ಹೋದ್ರ ಮರಿಗೆ ನೀವು ಉಣಸ್ತೀರೇನು?" ಬೈಯುತ್ತಲೇ ಏಣಿ ತರಲು ಓಡಿದರು.

ಕೆಳಗೆ ನೋಡಲು ಹೆದರಿ, ಟೊಂಗೆಯನ್ನು ಅಪ್ಪಿ ಅಲುಗದೆ ಕುಳಿತೆ. ಅಷ್ಟರಲ್ಲಿ ತಲೆಯ ಮೇಲೆ ದೊಡ್ಡ ರೆಕ್ಕೆಗಳ ಗಾಳಿ ಬೀಸಿತು. ತಾಯಿ ಗೂಡಿಗೆ ಇಳಿಯಿತು. ನನ್ನನ್ನು ಕೆಡವಿದ್ದ ಅದೇ ಮರಿ ಅರೆಬೆಳೆದ ರೆಕ್ಕೆ ಬಡಿಯುತ್ತ, ಕೀರಲು ದನಿಯಲ್ಲಿ ಹಟ ಮಾಡುತ್ತ, ತಾಯಿಯ ಕೊಕ್ಕಿನೊಳಗೆ ತನ್ನ ಕೊಕ್ಕು ತೂರಿಸಿ ಉಂಡಿತು. ತಾಯಿ ಬಿಟ್ಟುಹೋಗಿರಲಿಲ್ಲ! ಬೀಳುವ ಹೆದರಿಕೆಯನ್ನು ನಾನು ಮರೆತಿದ್ದು ಏಣಿ ಬಂದಾಗಲೇ ಗೊತ್ತಾಯಿತು.

ಈಗಲೂ ನಿದ್ದೆಯಲ್ಲಿ ಕೈ ಜಾರಿ ಬೆಚ್ಚಿ ಏಳುತ್ತೇನೆ. ಆದರೆ ಹೋದ ರವಿವಾರ, ಮರಿ ಇನ್ನೇನು ಹಾರಲಿದೆ ಎಂದು ಕಾಕಾ ಹೇಳಿಕಳಿಸಿದ್ದಕ್ಕೆ ಸೈಕಲ್ ತುಳಿದು ಹೋದೆ. ಮರಿ ಗೂಡಿನ ಅಂಚಿನಿಂದ ಜಿಗಿದು, ಒಮ್ಮೆ ತಡವರಿಸಿ, ಜೋಳದ ಹೊಲ ದಾಟಿ ಹಾರಿಹೋಯಿತು. ಕಾಕಾ ನನ್ನ ಬೆನ್ನು ಗುದ್ದಿ ನಕ್ಕರು.