ಬೇವವ್ವ ಎಂಬ ಹೆಸರು

ನಮ್ಮ ಅವ್ವನಿಗೆ ಎಂಬತ್ತು ದಾಟಿದೆ. ಆಕೆಗೆ ತನ್ನ ಅವ್ವನ ಹೆಸರು ಗೊತ್ತಿಲ್ಲ. ಹುಟ್ಟುವ ಮೊದಲೇ ಅಪ್ಪ ತೀರಿದ್ದ, ಅಂಬೆಗಾಲಿಡುವಾಗ ಅವ್ವನೂ ಹೋದಳು. ಸಾಕಿದ ಚಿಕ್ಕಮ್ಮ "ನಿಮ್ಮವ್ವ" ಎನ್ನುತ್ತಿದ್ದಳೇ ಹೊರತು ಹೆಸರು ಹೇಳಿದವಳಲ್ಲ. ಕೇಳಬೇಕೆಂದು ಅವ್ವನಿಗೆ ಹೊಳೆಯುವ ಹೊತ್ತಿಗೆ ಚಿಕ್ಕಮ್ಮನೂ ಇರಲಿಲ್ಲ. ಅಜ್ಜಿಯ ತವರೂರು ಮುನಿರಾಬಾದ್ ಡ್ಯಾಮಿನ ಹಿನ್ನೀರಿನಲ್ಲಿ ಮುಳುಗಿದೆ. ಅಲ್ಲಿನವರು ಯಾವ ದಿಕ್ಕಿಗೆ ಚದುರಿದರೋ ಗೊತ್ತಿಲ್ಲ.

ಇದು ಅವ್ವನನ್ನು ಹೆಚ್ಚು ಕಾಡುವುದು ಮಹಾನವಮಿ ಅಮಾವಾಸ್ಯೆಯಂದು. ಅಂದು ನಮ್ಮಲ್ಲಿ ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಎಡೆ ಬಡಿಸಿ, ಒಬ್ಬೊಬ್ಬರನ್ನೇ ಹೆಸರು ಹಿಡಿದು ಊಟಕ್ಕೆ ಕರೆಯುತ್ತಾರೆ. ತನ್ನ ತಾಯಿಯ ಎಡೆಗೆ ಬಂದಾಗ ಅವ್ವ ಬರೇ "ಯವ್ವಾ, ಬಾ" ಎನ್ನುತ್ತಿದ್ದಳು.

"ಸತ್ತೋರೆಲ್ಲಾ ಯಾರಿಗೋ ಒಬ್ಬರಿಗೆ ಅವ್ವಂದಿರ. ನಾ ಕರದಿದ್ದು ತನಗ ಅಂತ ನಮ್ಮವ್ವಗ ಹೆಂಗ ತಿಳೀಬೇಕು?" ಎಂದು ಪ್ರತಿವರ್ಷ ನನ್ನನ್ನು ಕೇಳುವಳು. ನಾನು ಕುಷ್ಟಗಿಯ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತೇನೆ. ಅದಕ್ಕೂ ಒಂದು ಚುಚ್ಚು ಮಾತು ಇದ್ದೇ ಇತ್ತು: "ದಿಲ್ಲಿ ಬಾದಶಾಗೋಳ ಅವ್ವಂದಿರ ಹೆಸರು ಬಾಯಿಪಾಠ ಅದಾವ ನಿನಗ. ನಿಮ್ಮಜ್ಜಿದು ಗೊತ್ತಿಲ್ಲ."

ಅವ್ವನಿಗೆ ಒಬ್ಬ ಅಣ್ಣನಿದ್ದ. ಮೀಸೆ ಮೂಡುವ ಮೊದಲೇ ಜ್ವರ ಬಂದು ಸತ್ತ. ನಿಜಾಮನ ಕಾಲದಲ್ಲಿ ಯಲಬುರ್ಗಾ ಕಡೆಯ ಒಂದು ಹಳ್ಳಿಯ ಶಾಲೆಗೆ ಸೇರಿದ್ದನಂತೆ. ಸೇರಿಸುವಾಗ ಪಾಲಕರ ಹೆಸರು ಬರೆದಿರಲೇಬೇಕು ಎಂದುಕೊಂಡು ಒಂದು ಶನಿವಾರ ಅಲ್ಲಿಗೆ ಹೋದೆ. ಉರ್ದುವಿನಲ್ಲಿದ್ದ ಹಳೆಯ ದಾಖಲೆ ಗೆದ್ದಲಿನ ಪಾಲಾಗಿತ್ತು. ಯಾರೋ ಪುಣ್ಯಾತ್ಮ ಮಾಸ್ತರರು ಅದಕ್ಕೂ ಮೊದಲೇ ಅದನ್ನು ಕನ್ನಡದಲ್ಲಿ ನಕಲು ಮಾಡಿಟ್ಟಿದ್ದರು.

"ಎಲ್ಲಾರು ಸರ್ಟಿಫಿಕೇಟಿಗಂತ ಜಾತಿ ಹುಡುಕ್ಕೊಂತ ಬರ್ತಾರ್ರಿ. ಅಜ್ಜಿ ಹೆಸರು ಹುಡುಕ್ಕೊಂತ ನೀವೊಬ್ರ ಬಂದೀರಿ ನೋಡ್ರಿ" ಎಂದು ಮುಖ್ಯೋಪಾಧ್ಯಾಯರು ಪುಸ್ತಕವನ್ನು ಮುಂದಿಟ್ಟರು.

ಸೋದರಮಾವನ ಹೆಸರು ಸಿಕ್ಕಿತು. ಪಾಲಕರ ಕಾಲಮ್ಮಿನಲ್ಲಿ ದುಂಡಗೆ ಬರೆದಿತ್ತು: ವಾಲಿದಾ ಬೇವವ್ವ. ವಾಲಿದಾ ಅನ್ನುವುದು ಅಡ್ಡಹೆಸರು ಇರಬೇಕೆಂದು ನಾನೇ ತೀರ್ಮಾನಿಸಿದೆ. ಅದೇ ಪುಟದಲ್ಲಿ ಇನ್ನೊಬ್ಬ ಹುಡುಗನ ಪಾಲಕಿಯೂ ವಾಲಿದಾ ಬೇವವ್ವಳೇ ಆಗಿದ್ದಳು. ಅವನು ಸಂಬಂಧಿಕನೇ ಇರಬೇಕೆಂದು ಅದಕ್ಕೂ ಹಿಗ್ಗಿದೆ. ಇತಿಹಾಸ ಕಲಿಸುವವಳ ಬುದ್ಧಿ ನೋಡಿ!

ಅವ್ವ ಆ ಹೆಸರನ್ನು ಬಾಯಲ್ಲಿ ಸಕ್ಕರೆ ಇಟ್ಟುಕೊಂಡಂತೆ ಇಟ್ಟುಕೊಂಡಳು. "ಬೇವಿನಗಿಡದ ಬುಡಕ ಹುಟ್ಟಿರಬೇಕು ನಮ್ಮವ್ವ" ಎಂದಳು. ಆ ವರ್ಷದ ಅಮಾವಾಸ್ಯೆಗೆ ಹಸಿರು ಸೀರೆ, ಹಸಿರು ಬಳೆ ತರಿಸಿ, ಓಣಿಗೆಲ್ಲ ಕೇಳುವ ಹಾಗೆ ಕರೆದಳು: "ಬೇವವ್ವಾ, ಉಣ್ಣಾಕ ಬಾರವ್ವಾ!" ಹಾಗೆ ನಕ್ಕ ಅವ್ವನನ್ನು ನಾನು ಹಿಂದೆ ನೋಡಿರಲಿಲ್ಲ. ನನಗೆ ಅಳು ಬಂತು.

ಚಳಿಗಾಲದಲ್ಲಿ ನನ್ನ ಮಗಳಿಗೆ ಹೆಣ್ಣು ಹುಟ್ಟಿತು. ತೊಟ್ಟಿಲಿಗೆ ಹಾಕುವಾಗ ಕೂಸಿನ ಕಿವಿಯಲ್ಲಿ ಬೇವವ್ವ ಎಂದೇ ಕೂಗಬೇಕೆಂದು ಅವ್ವ ಹಟ ಹಿಡಿದಳು. ಮಗಳು ಮುಖ ಗಂಟು ಹಾಕಿಕೊಂಡೇ ಒಪ್ಪಿದಳು. ತೊಟ್ಟಿಲ ಕಾರ್ಯಕ್ಕೆ ಇನ್ನೂ ಎರಡು ದಿನವಿರುವಾಗ ಆ ಸಂಭ್ರಮವನ್ನು ಸ್ಟಾಫ್ ರೂಮಿನಲ್ಲಿ ಹೇಳುತ್ತಾ, ಮೊಬೈಲಿನಲ್ಲಿದ್ದ ಆ ಪುಟದ ಫೋಟೊವನ್ನು ನಮ್ಮ ಉರ್ದು ಮೇಡಂಗೆ ತೋರಿಸಿದೆ. ಅವರು ಮೊದಲು ನಕ್ಕರು, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದರು.

"ಇದು ಹೆಸರಲ್ರಿ ಮೇಡಂ. ವಾಲಿದಾ ಅಂದ್ರ ತಾಯಿ. ಬೇವಾ ಅಂದ್ರ ಗಂಡ ಸತ್ತಾಕಿ. ನಕಲು ಮಾಡಿದ ಮಾಸ್ತರಿಗೆ ಉರ್ದು ಅರ್ಧಂಬರ್ಧ ಬರ್ತಿತ್ತೇನೋ. ಹೆಣ್ಮಗಳ ಹೆಸರು ಅನ್ಕೊಂಡು ಅವ್ವ ಅಂತ ಸೇರಿಸ್ಯಾರ."

ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ. ನನಗೆ ಅದೂ ಸಿಗಲಿಲ್ಲ. ಮುಚ್ಚಿಟ್ಟುಬಿಡೋಣ ಎಂದುಕೊಂಡೆ. ಆದರೆ ಆ ಎಳೆಗೂಸಿನ ಕಿವಿಯಲ್ಲಿ ಗಂಡ ಸತ್ತಾಕಿ ಎಂದು ಹೇಗೆ ಕೂಗಿಸಲಿ? ಮನೆಗೆ ಬಂದು ಅವ್ವನ ಪಕ್ಕ ಕೂತು ಎಲ್ಲವನ್ನೂ ಹೇಳಿದೆ.

ಅವ್ವ ಅಳಲಿಲ್ಲ. "ಊಟಕ್ಕ ಕರದು, ಎಡಿ ಮುಂದ ಕೂಡ್ರಿಸಿ, ಓಣಿ ಮಂದಿಗೆಲ್ಲಾ ಕೇಳೂವಂಗ ನಮ್ಮವ್ವಗ ಮುಂಡಿ ಅಂದೆನಲ್ಲವ್ವಾ."

"ನಿನಗ ಗೊತ್ತಿರಲಿಲ್ಲಬೇ" ಎಂದೆ.

"ಆಕಿಗೆ ಗೊತ್ತಿತ್ತಲ್ಲ."

ಕೂಸಿಗೆ ಮಗಳು ತನಗೆ ಬೇಕಾದ ಹೆಸರಿಟ್ಟಳು. ಈ ವರ್ಷದ ಅಮಾವಾಸ್ಯೆಗೆ ಅವ್ವ ತನ್ನ ಅಪ್ಪನನ್ನು, ಅಣ್ಣನನ್ನು, ಚಿಕ್ಕಮ್ಮನನ್ನು ಹೆಸರು ಹಿಡಿದು ಕರೆದಳು. ಇನ್ನೊಂದು ಎಡೆಗೆಂದು ನಾನು ಎಲೆ ಹಾಸಲು ಹೋದೆ. "ಬ್ಯಾಡ, ಆಕಿ ಬರಂಗಿಲ್ಲ" ಎಂದು ಆ ಎಲೆಯನ್ನು ಮಡಚಿ ಪಕ್ಕಕ್ಕಿಟ್ಟಳು.